ಕಾಟಾದ ಚೀಟಿ

ಕಪನೂರಿನ ದಾಲ್‌ಮಿಲ್ಲಿನ ಕಾಟಾದ ಮ್ಯಾಲ
ರಾತ್ರಿ ಹತ್ತಕ್ಕ ಒಂದು ಮನಿ ಬಂದು ನಿಂತದ.
ತಗಡಿನ ಮನಿ. ಕಿಟಕಿಗಿ ಹಸರು ಪರದಾ,
ಬಾಗಲಕ್ಕ ಚಿಲಕ, ಚಿಲಕಕ್ಕ ಒಣಗಿದ ನಿಂಬಿಹಣ್ಣು,
ಕೆಳಗ ಎರಡೇ ಗಾಲಿ.
ಮುಂದ ಒಂದು ಹಳೀ ಪಿಕಪ್ಪು,
ಕೊಕ್ಕಿಗಿ ಮನಿ ಸಿಗಸ್ಕೊಂಡು ತೇಕಲತದ.

"ತೂಗ್ರಿ ಅಕ್ಕೋರ," ಅಂದ ಮಶಾಕಸಾಬ್ ನದಾಫ್,
ಚಿತ್ತಾಪುರದವ, ಊರೂರು ಅಡ್ಡಾಡಿ ಗಾದಿ ಹಿಂಜಾವ.
ಹುಬ್ಬಿನ ಮ್ಯಾಲ ಇನ್ನೂ ಅರಳಿ.
"ಐವತ್ತರ ಸ್ಪೀಡ್ ದಾಟಿದ್ರ ಮನಿ ಬಾಲ ಅಲ್ಲಾಡಿಸ್ತದ.
ಈಗ ಆ ಸೇತುವಿ ಮ್ಯಾಲ
ಬಾಜೂಕ ಒಂದು ಲಾರಿ ಹಾದು ಹೋತು,
ಸ್ಟೇರಿಂಗ್ ನನ್ನ ಕೈಯಾಗೇ ಇತ್ತು,
ಗಾಡಿ ಇರ್ಲಿಲ್ಲ."

ಕಾಗದದಾಗ ಏನದ?
ಸಾವಿರದ ಎಂಬತ್ತು ಕಿಲೋ. ಖಾಲಿ.
ಖಾಲಿ ಮನಿ ಯಾರು ಎಳಕೊಂಡು ತಿರುಗ್ತಾರ?

ಎರಡೂ ಕೂಡಿಸಿ ತೂಗಿದೆ: ಮೂರು ಸಾವಿರದ ಐನೂರಾ ಹತ್ತು.
ಕೊಕ್ಕಿ ಬಿಡಿಸಿ ಪಿಕಪ್ಪೊಂದೇ: ಸಾವಿರದ ಎಂಟನೂರಾ ಇಪ್ಪತ್ತು.
ಕಳದು ತೋರಿಸಿದೆ.
ಪಿಕಪ್ಪಿನ ಬುಕ್ಕಿನಾಗ ಎಳಿಯೋ ತಾಕತ್ತು ಒಂದೂವರಿ ಟನ್,
ಬೆನ್ನ ಹಿಂದ ಇರೋದು ನೂರಾ ತೊಂಬತ್ತು ಜಾಸ್ತಿ.

"ಹತ್ತಿ ಅಲ್ಲೇನ್ರಿ ಒಳಗಿರೋದು!"
ಹತ್ತಿ ನಂಬಬ್ಯಾಡಪ್ಪ.
ಹನ್ನೆರಡು ವರ್ಷ ಈ ಗಾಜಿನ ಹಿಂದ ಕುಂತೀನಿ,
ತೊಗರಿ ಹೊಟ್ಟಿನ ಲಾರಿ ತೊಗರಿಗಿಂತ ಜಗ್ಗಿದ್ದು ನೋಡೀನಿ.

ಒಳಗಿಂದ ಚಾಂದಬಿ ಒಂದೊಂದೇ ಕೂಗಿ ಹೇಳಿದಳು:
ಹಿಂಜೋ ಮಷಿನ್, ಎರಡು ಸಿಲಿಂಡರ್,
ಕಬ್ಬಿಣದ ಮಂಚ, ಅವ್ವ ಕೊಟ್ಟ ರುಬ್ಬೋಕಲ್ಲು.
"ಕಲ್ಲು ಇಳಿಸು ಅಂದ್ರ ಮೊದಲು ನನ್ನ ಇಳಿಸ್ರಿ."
ಯಾರೂ ಅಂದಿರ್ಲಿಲ್ಲ.

ವಾಚಮನ್ ಮಾಪಣ್ಣ ಬೀಡಿ ಒತ್ತಿ ಆರಿಸಿ
ಚೀಲ ತೂಗೋ ಸಣ್ಣ ಕಾಟಾ ಉಳ್ಳಿಸ್ಕೊಂಡು ಬಂದ,
ಮನಿ ಮೂತಿ ಅದರ ಮ್ಯಾಲ ಇಟ್ಟ.
ಅರವತ್ತು.
"ಅಷ್ಟೇನಾ?" ಅಂದ. ಇನ್ನೊಂದು ಸಲ ಇಟ್ಟ. ಅರವತ್ತೇ.
"ಎತ್ತಿನ ಬಂಡಿ ಹೊಡದಿಲ್ಲೇನೋ ಸಾಬ?
ಹಿಂದ ಭಾರಾದ್ರ ನೊಗ ಮ್ಯಾಲ ಏಳ್ತದ, ಎತ್ತಿಗಿ ಉರಲು.
ಮುಂದ ಭಾರಾದ್ರ ಎತ್ತು ಮಂಡಿ ಊರ್ತದ.
ನೊಗ ಹೆಗಲಿಗಿ ಕೂಡಬೇಕು,
ಕುಂತದ ಅನ್ನೋದು ಎತ್ತಿಗಿ ಗೊತ್ತಾಗಬೇಕು, ಅಷ್ಟ."
ಹತ್ತರಾಗ ಒಂದು ಪಾಲಿಗಿ ಜರಾ ಮ್ಯಾಲ, ಅಂದೆ ನಾ,
ಅದೇ ಮಾತು ಅಂಕಿಯೊಳಗ.

ಹಿಂದ ಏನದ?
ಹಿಂದ ನೀರಿನ ಟಾಕಿ. ಇನ್ನೂರು ಲೀಟರ್. ತುಂಬಿದ್ದು.

ನಳ ತಿರುವಿದ ಮಶಾಕಸಾಬ್, ಮಾರಿ ಆ ಕಡಿ ಮಾಡಿ.
ರಾತ್ರಿ ಪಾಳಿ ಹೆಣ್ಮಕ್ಕಳು ಬ್ಯಾಳಿ ಧೂಳಿನ ಸೆರಗು ಝಾಡಿಸಿ
ಬಕೀಟು ಹಿಡದು ಓಡಿ ಬಂದ್ರು,
ಒಬ್ಬಾಕಿ ಮಾರಿ ತೊಳಕೊಂಡಳು,
ಒಬ್ಬಾಕಿ ಕಾಲಷ್ಟೇ.
ಮಾಪಣ್ಣ ತನ್ನ ಬೇವಿನ ಗಿಡಕ್ಕ ಎರಡು ಕೊಡ.
ಅಂಕಿ ಇಳೀಲತಿತ್ತು, ಹತ್ತು ಹತ್ತು ಕಿಲೋ,
ಮನಿ ಬಾಲ ಮ್ಯಾಲ, ಮೂತಿ ಕೆಳಗ,
ನಾವೆಲ್ಲಾ ಸುಮ್ಮ ನೋಡ್ಲತಿದ್ದಿವಿ.

ಸಾವಿರದ ನಾನೂರಾ ತೊಂಬತ್ತು.
ಮೂತಿ ಮ್ಯಾಲ ನೂರಾ ತೊಂಬತ್ತು.
"ಹಾಂ," ಅಂದ ಮಾಪಣ್ಣ, ಎತ್ತಿನ ಬೆನ್ನು ತಟ್ಟಿದಂಗ
ಪಿಕಪ್ಪಿನ ಬೆನ್ನು ತಟ್ಟಿ.

ಸರಪಳಿ ಎರಡೂ ಅಡ್ಡಡ್ಡ ಹಾಕು,
ಇಳುಕಲಿನಾಗ ಗೇರ್ ಬಿಡಬ್ಯಾಡ,
ನೀರು ಮುಟ್ಟೋ ಊರಾಗ ತುಂಬ್ಕೋ.
ಚೀಟಿ ಬರದೆ: ಗಾಡಿ ನಂಬರ್, ಟೈಮ್.
ಮಾಲು ಅನ್ನೋ ಕಾಲಮ್ಮಿನಾಗ ಪೆನ್ನು ನಿಂತ್ತು.
ಹತ್ತಿ? ಮಷಿನ್?
ಮನಿ, ಅಂತ ಬರದೆ.
ರೊಕ್ಕಾ ಬ್ಯಾಡ ಅಂದ್ರೂ ಚಾಂದಬಿ ಒಂದು ತಲದಿಂಬು ಕೊಟ್ಟಳು,
ಅದರ ತೂಕ ನಾ ನೋಡಲಿಲ್ಲ.

ಕೆಂಪು ದೀಪ ಸೇಡಂ ರೋಡಿನ ಕಡಿ ಹೊಳ್ಳಿದವು,
ಅಲ್ಲಾಡಲಿಲ್ಲ.
ಮಾಪಣ್ಣ ಮಲಗಾಕ ಹೋದ ಮ್ಯಾಲ
ನಾ ಚಪ್ಪಲಿ ಬಿಟ್ಟು ಕಾಟಾದ ನಟ್ಟನಡುವ ನಿಂತೆ,
ಹಂಗ, ಸುಮ್ಮ.
ಗಾಜಿನಾಚೆ ಕೆಂಪು ಅಕ್ಷರ ಜರಾ ತಡದು ಅಂದ್ವು:
ಅರವತ್ತು.